ನುಮಿಡಿಯಾ ಎಂಬ ಕೂಸು

ನವೆಂಬರ್ ೯, ಭಾನುವಾರ, ವಿಜಯವಾಡ

ಅಜ್ಜನಾದೆ! ನಿನ್ನೆ ಬೆಳಗ್ಗೆ ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ಮಗಳು ಜಾಹ್ನವಿಗೆ ಹೆಣ್ಣು ಕೂಸು ಹುಟ್ಟಿತು. ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ತಾನು ಬ್ಯಾಂಕಿನವನ ಮೊಮ್ಮಗಳು ಎಂಬುದು ಅದಕ್ಕೆ ಮೊದಲೇ ಗೊತ್ತಿದ್ದಂತಿದೆ. ಸಿಕ್ಕ ರೈಲು ಹತ್ತಿ ಓಡಿದೆ. ಮುಖ ನೋಡಿ, ಬೆರಳು ಹಿಡಿದು, ಇವತ್ತು ಮತ್ತೆ ಈ ಖಾಲಿ ಮನೆಗೆ ಬಂದು ಬಿದ್ದಿದ್ದೇನೆ.

ಹೆಂಡತಿ ಅನಸೂಯಾ ಒಂದು ತಿಂಗಳಿಂದ ವಿಶಾಖಪಟ್ಟಣದ ಹತ್ತಿರದ ಭೀಮುನಿಪಟ್ಟಣದಲ್ಲಿ ಬೀಗರ ಮನೆಯಲ್ಲಿದ್ದಾಳೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ನಮ್ಮ ಧಾರವಾಡದ ಕಡೆಯ ರೂಢಿ. ಕರೆದಾಗ ಜಾಹ್ನವಿ ನಕ್ಕುಬಿಟ್ಟಿದ್ದಳು. “ಅಪ್ಪಾ, ನನ್ನ ತವರುಮನಿ ಈಗ ಯಾವ ಊರಿಗೆ ಟ್ರಾನ್ಸ್‌ಫರ್ ಆಗೇದ?” ಎಂದಳು. ಅದೂ ನಿಜವೇ. ಈ ಬಾಡಿಗೆ ಮನೆಯನ್ನು ಅವಳು ಸರಿಯಾಗಿ ನೋಡಿಯೇ ಇಲ್ಲ. ಗುರುತಿನ ಡಾಕ್ಟರು ವಿಶಾಖಪಟ್ಟಣದಲ್ಲಿದ್ದಾರೆ ಎಂದು ಅಲ್ಲೇ ಉಳಿದಳು. ಹೀಗಾಗಿ ಕನ್ನಡದಲ್ಲಿ ಹರಟೆ ಹೊಡೆಯಲು ನನಗೆ ಈ ದಿನಚರಿಯೊಂದೇ ಗತಿ.

ಹೆಸರಿನ ವಿಷಯ ಬರೆಯಲೇಬೇಕು. ನಮ್ಮವ್ವನ ಹೆಸರು ಭಾಗೀರಥಿ. ಮೊದಲ ಮೊಮ್ಮಗಳಿಗೆ ಅದನ್ನೇ ಇಡಬೇಕೆಂದು ಎಷ್ಟೋ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಆಸ್ಪತ್ರೆಯಲ್ಲಿ ಹೇಳೋಣವೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಳಿಯ ಸಾಯಿಕಿರಣ್, “ಮಾವಯ್ಯಗಾರೂ, ಪೇರು ಅನುಕುನ್ನಾಂ” ಎಂದ. ಹೆಸರು ಆಗಲೇ ಗೊತ್ತುಮಾಡಿದ್ದಾರಂತೆ. ಏನಪ್ಪಾ ಎಂದರೆ ನುಮಿಡಿಯಾ.

“ಇದ್ಯಾವ ಔಷಧ? ಊಟಕ್ಕ ಮೊದಲೋ ಆಮೇಲೋ?” ಎಂದು ನಕ್ಕೆ. ಬೇರೆ ಯಾರೂ ನಗಲಿಲ್ಲ. ಜಾಹ್ನವಿ ಗೋಡೆಯ ಕಡೆ ಹೊರಳಿ ಮಲಗಿದಳು. ಹೆತ್ತು ದಣಿದವಳು ಎಂದು ನಾನೂ ಸುಮ್ಮನಾದೆ. ಇಪ್ಪತ್ತೊಂದನೇ ದಿನ, ಅಂದರೆ ೨೮ಕ್ಕೆ, ಅವರ ಪದ್ಧತಿಯ ಬಾರಸಾಲ, ನಮ್ಮ ಲೆಕ್ಕದಲ್ಲಿ ನಾಮಕರಣ. ಅಷ್ಟರೊಳಗೆ ಬುದ್ಧಿ ಹೇಳಿ ಸರಿಪಡಿಸಬಹುದು.

ನವೆಂಬರ್ ೧೧, ಮಂಗಳವಾರ

ಊಟದ ಬಿಡುವಿನಲ್ಲಿ ಮೊಬೈಲ್ ತೆಗೆದು ಆ ಹೆಸರನ್ನು ಹುಡುಕಿದೆ. ಎದುರು ಕೌಂಟರಿನ ಹೈಮಾವತಿ ಡಬ್ಬಿ ಮುಚ್ಚಿ ಬಂದು ಬಗ್ಗಿ ನೋಡಿ, “ಬಾಗುಂದಿ ಸಾರ್, ಸ್ಟೈಲ್‌ಗಾ ಉಂದಿ” ಎಂದಳು. ಚೆನ್ನಾಗಿದೆಯಂತೆ. ಇವಳಿಗೆ ಎಲ್ಲವೂ ಬಾಗುಂದಿಯೇ. ಹೋದ ವಾರ ನನ್ನ ಕೈಯಡುಗೆಯ ಉಪ್ಪಿಟ್ಟನ್ನೂ ಹಾಗೇ ಅಂದಿದ್ದಳು.

ಅದೊಂದು ಹಳೆಯ ರಾಜ್ಯದ ಹೆಸರು. ಆಫ್ರಿಕಾದ ಉತ್ತರಕ್ಕೆ, ಈಗಿನ ಅಲ್ಜೀರಿಯಾ ಇರುವಲ್ಲಿ, ಬರ್ಬರ್ ಎಂಬ ಜನ ಆಳಿದ ನಾಡು. ಜಾಹ್ನವಿ, ಸಾಯಿಕಿರಣ್ ಅಲ್ಲಿ ಅನ್ನಾಬಾ ಎಂಬ ಬಂದರಿನ ಊರಿನಲ್ಲಿ ಎರಡು ವರ್ಷ ಇದ್ದರು. ಅವನು ಉಕ್ಕಿನ ಕಾರ್ಖಾನೆಯ ಎಂಜಿನಿಯರ್. ಹೋದ ವರ್ಷ ಬಂದರು. ಸರಿ, ಇದ್ದ ಊರಿನ ನೆನಪಿಗೆ ಗೋಡೆಗೊಂದು ಚಿತ್ರ ತೂಗುಹಾಕಿದ್ದರೆ ಸಾಕಿತ್ತು, ಕೂಸಿನ ಹಣೆಗೇಕೆ?

ಇನ್ನು ಅರ್ಥ. ಆ ಹೆಸರು ಗ್ರೀಕ್ ಮಾತಿನಿಂದ ಬಂದದ್ದಂತೆ. ದನಕುರಿ ಹೊಡೆದುಕೊಂಡು ಊರೂರು ತಿರುಗುವವರು, ಅಲೆಮಾರಿಗಳು.

ಓದಿ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಗದಗ, ರಾಯಚೂರು, ಅನಂತಪುರ, ನೆಲ್ಲೂರು, ರಾಜಮಹೇಂದ್ರವರಂ, ವಿಶಾಖಪಟ್ಟಣ, ವಿಜಯವಾಡ. ಬ್ಯಾಂಕು ಆಡಿಸಿದ ಕಡೆಗೆಲ್ಲ ಪಾತ್ರೆಪಡಗ ಕಟ್ಟಿಕೊಂಡು ತಿರುಗಿದವ ನಾನು. ಜಾಹ್ನವಿ ಅಕ್ಷರ ಕಲಿತದ್ದು ಕನ್ನಡದಲ್ಲಿ, ಮಗ್ಗಿ ಕಲಿತದ್ದು ತೆಲುಗಿನಲ್ಲಿ. ಪ್ರತಿ ಸಲ ಹೊಸ ಶಾಲೆಯ ಮೊದಲ ದಿನ ಗೇಟಿನಲ್ಲಿ ನಿಂತು ನನ್ನ ಕಡೆ ನೋಡುತ್ತಿದ್ದ ನೋಟ ನನಗೆ ಮರೆತಿಲ್ಲ. ಈಗ ಮಗಳಿಗೆ ಅಲೆಮಾರಿ ಎಂದು ಹೆಸರಿಡುತ್ತಾಳೆ. ಇದು ನನಗೇ ಹೊಡೆದದ್ದು, ಬೇರೆ ಯಾರಿಗೂ ಅಲ್ಲ.

ನವೆಂಬರ್ ೧೨, ಬುಧವಾರ

ಆಫೀಸ್ ನೋಟ್ ಬರೆದೆ. ಮೂವತ್ತು ವರ್ಷ ಸಾಲದ ಅರ್ಜಿಗಳಿಗೆ ನೋಟ್ ಬರೆದ ಕೈ, ಸೊಗಸಾಗಿ ಬಂತು. ಬೀಗರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ. ಮೊದಲು ವಿಷಯ, ಆಮೇಲೆ ಹಿನ್ನೆಲೆ, ಆಮೇಲೆ ಪರಿಶೀಲನೆ. ಪ್ರಸ್ತಾಪಿತ ಹೆಸರಿನ ಅರ್ಥ ಅಲೆಮಾರಿ. ಅದನ್ನು ಇಟ್ಟವರು ಹೊರಗಿನವರು. ಸದರಿ ರಾಜ್ಯ ಈಗ ಅಸ್ತಿತ್ವದಲ್ಲಿಲ್ಲ. ಕುಟುಂಬವು ಈಗಾಗಲೇ ಸಾಕಷ್ಟು ಅಲೆದಿದೆ. ಆದಕಾರಣ ಪ್ರಸ್ತಾವವನ್ನು ತಿರಸ್ಕರಿಸಿ ‘ಭಾಗೀರಥಿ’ಯನ್ನು ಮಂಜೂರು ಮಾಡಬಹುದು. ಕೆಳಗೆ ಹೆಸರು, ಬ್ರಾಂಚ್ ಮ್ಯಾನೇಜರ್ ಎಂದು ಹುದ್ದೆ.

ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಸ್ವಲ್ಪ ತಮಾಷೆಯೂ ಇರಲಿ, ವಿಷಯವೂ ಮುಟ್ಟಲಿ ಎಂಬ ಉದ್ದೇಶ. ಎರಡು ಸಲ ಓದಿಕೊಂಡು ನಾನೇ ಮೆಚ್ಚಿಕೊಂಡೆ.

ನವೆಂಬರ್ ೧೩, ಗುರುವಾರ

ಎಲ್ಲರೂ ಓದಿದ್ದಾರೆ. ನೀಲಿ ಗೀಟು ಬಿದ್ದಿದೆ. ಒಬ್ಬರೂ ತುಟಿಪಿಟಕ್ಕೆನ್ನುತ್ತಿಲ್ಲ.

ಸಂಜೆ ಅನಸೂಯಾ ಫೋನ್ ಮಾಡಿದಳು. “ರೀ, ನಿಮಗೇನ್ ತಲಿ ಕೆಟ್ಟದೇನು? ಬಾಣಂತಿ ಕಣ್ಣಾಗ ನೀರು ಹಾಕಿಸಿದ್ರಿ. ನಿಮಗ ಗೊತ್ತಿಲ್ಲದ್ದು ಭಾಳ ಅದ, ಸುಮ್ನಿರ್‍ರಿ” ಎಂದು ಇಟ್ಟೇಬಿಟ್ಟಳು. ಗೊತ್ತಿಲ್ಲದ್ದೇನು ಎಂದು ಕೇಳಲೂ ಬಿಡಲಿಲ್ಲ. ಜಾಹ್ನವಿ ಗುಂಪಿನಿಂದ ಹೊರಗೆ ಹೋಗಿದ್ದಾಳೆ.

ನವೆಂಬರ್ ೧೪, ಶುಕ್ರವಾರ

ಜಾಹ್ನವಿಯೇ ಫೋನ್ ಮಾಡಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಮಾತಾಡಿದಳು, ಅದು ಇನ್ನೂ ಕಷ್ಟ.

“ಅಪ್ಪಾ, ಅಲೆಮಾರಿ ಅನ್ನೋದು ಬೈಗಳೇನು? ಹಂಗಂದ್ರ ನಾವ್ಯಾರು ಮತ್ತ?”

“ಅದಕ್ಕs ಹೇಳ್ತೀನಿ. ನಿನಗ ಆದದ್ದು ಸಾಕು. ಕೂಸಿಗೂ ಅದನ್ನs ಕಟ್ಟಬ್ಯಾಡ.”

“ನನಗೇನಾಗಿತ್ತು ಅಂತ ನಿಮಗೇನ್ ಗೊತ್ತು?”

“ಮಗಳs, ಆ ಹೆಸರಾಗ ನನ್ನ ಮ್ಯಾಲೆ ಸಿಟ್ಟು ಅದ ಅಂತ ನನಗ ತಿಳೀತದ.”

ಕೂಸನ್ನು ತಟ್ಟುವ ಸದ್ದು ಕೇಳಿಸಿತು. ಆಮೇಲೆ, “ಎಲ್ಲಾದೂ ನಿಮ್ಮ ಸಲುವಾಗೇ ಇರ್ತದೇನಪ್ಪಾ?” ಎಂದಳು.

ನನಗೂ ಸಿಟ್ಟು ಬಂತು. ಆ ಹೆಸರಿಡುವ ಕಾರ್ಯಕ್ಕೆ ನಾನು ಬರುವುದಿಲ್ಲ ಎಂದೆ. “ಸರೇ, ಮೀ ಇಷ್ಟಂ” ಎಂದಳು. ನನ್ನ ಜೊತೆ ಅವಳು ತೆಲುಗಿಗೆ ಇಳಿದದ್ದು ಇದೇ ಮೊದಲು. ಮೂವತ್ತು ವರ್ಷದಲ್ಲಿ ಮಗಳು ನನಗೆ ಪರಕೀಯಳಂತೆ ಉತ್ತರ ಕೊಟ್ಟಿರಲಿಲ್ಲ. ಊಟ ಸೇರಲಿಲ್ಲ.

ನವೆಂಬರ್ ೧೬, ಭಾನುವಾರ

ಕಾರ್ತಿಕ ಮಾಸದ ಭಾನುವಾರ, ಕೃಷ್ಣೆಯ ಘಾಟಿನಲ್ಲಿ ಕಾಲಿಡಲು ಜಾಗವಿಲ್ಲ. ಎದುರು ಮನೆಯವರು ಊರಾಚೆಯ ತೋಟಕ್ಕೆ ವನಭೋಜನಕ್ಕೆ ಕರೆದರು. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಮನೆಯಲ್ಲೇ ಕುಳಿತೆ. ಅನ್ನ, ಮಜ್ಜಿಗೆ, ಗೋಂಗೂರ ಪಚ್ಚಡಿ.

ಹೊತ್ತು ಹೋಗದೆ ಮತ್ತೆ ಅದನ್ನೇ ಓದಿದೆ. ನನ್ನ ನೋಟಿಗೆ ಇನ್ನೊಂದಿಷ್ಟು ಆಧಾರ ಸಿಗಲಿ ಎಂದೇ ಓದಿದ್ದು, ಸಿಕ್ಕಿದ್ದು ಬೇರೆ. ನುಮಿಡಿಯಾದವರು ಬರೀ ತಿರುಗುತ್ತಿರಲಿಲ್ಲ. ಅವರಿಗೆ ಊರುಗಳಿದ್ದವು, ರಾಜಧಾನಿಯಿತ್ತು, ತಮ್ಮದೇ ನಾಣ್ಯವಿತ್ತು. ಮಾಸಿನಿಸ್ಸಾ ಎಂಬ ದೊರೆಯ ಕಾಲದಲ್ಲಿ ಗೋಧಿ ಬೆಳೆದು ಕಡಲಾಚೆ ಕಳಿಸುತ್ತಿದ್ದರಂತೆ. ಲಗಾಮಿಲ್ಲದೆ ಕುದುರೆ ಓಡಿಸುವುದನ್ನು ಕಂಡು ರೋಮನರು ಬೆರಗಾಗಿದ್ದರಂತೆ. ಅವರನ್ನು ಅಲೆಮಾರಿಗಳು ಎಂದವರು ಹೊರಗಿನಿಂದ ನೋಡಿದವರು. ಆ ಹೆಸರು ಗ್ರೀಕರದೇ ಅಲ್ಲ, ಅಲ್ಲಿಯದೇ ಯಾವುದೋ ಕುಲದ್ದು ಎನ್ನುವ ಪಂಡಿತರೂ ಇದ್ದಾರೆ. ಬರ್ಬರ್ ಎಂಬುದೂ ಬೇರೆಯವರು ಅಂಟಿಸಿದ್ದೇ. ಅವರು ತಮ್ಮನ್ನು ಕರೆದುಕೊಳ್ಳುವುದು ಅಮಾಜಿಘ್ ಎಂದು.

ನನ್ನನ್ನು ಇಲ್ಲಿ ಶಾಖೆಯಲ್ಲಿ ಎಲ್ಲರೂ ‘ಕರ್ನಾಟಕ ಸಾರ್’ ಎನ್ನುತ್ತಾರೆ. ಧಾರವಾಡಕ್ಕೆ ಹೋದರೆ ಅಣ್ಣತಮ್ಮಂದಿರು ‘ಆಂಧ್ರದಾಂವ ಬಂದ’ ಎನ್ನುತ್ತಾರೆ. ಎರಡಕ್ಕೂ ನಾನು ಓಗೊಡುತ್ತೇನೆ.

ರಾಜ್ಯ ಅಳಿದು ಎರಡು ಸಾವಿರ ವರ್ಷವಾದ ಮೇಲೂ ಆ ಕಡೆಯವರು ಹೆಣ್ಣುಮಕ್ಕಳಿಗೆ ಅಭಿಮಾನದಿಂದ ಆ ಹೆಸರು ಇಡುತ್ತಾರಂತೆ. ನ್ಯಾಯವಾಗಿ ಹೇಳಬೇಕೆಂದರೆ ನನ್ನ ನೋಟಿಗೆ ಒಂದು ತಿದ್ದುಪಡಿ ಹೊರಡಿಸಬೇಕು. ಆದರೆ ಓದುವವರು ಗುಂಪಿನಲ್ಲಿಲ್ಲ.

ನವೆಂಬರ್ ೧೯, ಬುಧವಾರ

ಕೂಸಿಗೆ ಜ್ವರ. ಹಾಲು ಕುಡಿಯುತ್ತಿಲ್ಲ. ನಂಜು ಇರಬಹುದು ಎಂದು ಡಾಕ್ಟರು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದಾರೆ. ಸೂಜಿ ಚುಚ್ಚಲು ನರ ಸಿಗುತ್ತಿಲ್ಲ ಎಂದು ಅನಸೂಯಾ ಅಳುತ್ತಿದ್ದಳು. ಏನೂ ತೋಚುತ್ತಿಲ್ಲ.

ನವೆಂಬರ್ ೨೦, ಗುರುವಾರ

ಬೆಳಗ್ಗೆ ಬ್ಯಾಂಕಿಗೆ ಹೋಗುವ ಮೊದಲು ಕನಕದುರ್ಗೆಯ ಬೆಟ್ಟ ಹತ್ತಿದೆ. ಭಕ್ತಿಗಿಂತ ಭಯ ಜಾಸ್ತಿ. ಸಾಲು ಸರಿದು ಸರಿದು ಎದುರಿಗೆ ಬಂದಾಗ ಅರ್ಚಕರು ಕೈ ಚಾಚಿ, “ಗೋತ್ರಂ, ಪೇರು ಚೆಪ್ಪಂಡಿ” ಎಂದರು. ಗೋತ್ರ ಅಳಿಯನದು, ಹೇಳಿದೆ. ಹೆಸರಿಗೆ ಬಾಯಿ ಕಟ್ಟಿತು. ಹಿಂದಿನವರು ಬೆನ್ನಿಗೆ ಒತ್ತುತ್ತಿದ್ದಾರೆ. ಭಾಗೀರಥಿ ಎನ್ನಬಹುದಿತ್ತು. ಆದರೆ ಅದು ತೀರಿಹೋದ ನಮ್ಮವ್ವನ ಹೆಸರು, ಈ ಕೂಸಿನದಲ್ಲ. ಅಮ್ಮನವರು ಯಾರನ್ನು ಎಂದು ಹುಡುಕಬೇಕು? ತಪ್ಪು ಹೆಸರು ಕೊಟ್ಟರೆ ಹರಕೆ ಬೇರೆ ಖಾತೆಗೆ ಜಮಾ ಆದೀತು. ಕೆವೈಸಿ ಸರಿಯಿರಬೇಕು.

“ನುಮಿಡಿಯಾ” ಎಂದೆ.

ಅರ್ಚಕರು ಹುಬ್ಬು ಕೂಡ ಎತ್ತಲಿಲ್ಲ. “ನುಮಿಡಿಯಾ ನಾಮಧೇಯಾಯಾಃ” ಎಂದು ಸಲೀಸಾಗಿ ಸಂಕಲ್ಪ ಹೇಳಿ, ಆಯುರಾರೋಗ್ಯ ಕೇಳಿ, ಕುಂಕುಮ ಕೈಗಿಟ್ಟರು. ಬೇರೆ ದಾರಿಯಿಲ್ಲದೆ ಹೇಳಿದ್ದು, ಅಷ್ಟೇ. ಮನೆಯಲ್ಲಿ ಯಾರಿಗೂ ತಿಳಿಸುವ ಅಗತ್ಯವಿಲ್ಲ.

ಮಧ್ಯಾಹ್ನ ಜ್ವರ ಸ್ವಲ್ಪ ಇಳಿದಿದೆ ಎಂದು ಸಾಯಿಕಿರಣ್ ಮೆಸೇಜ್ ಹಾಕಿದ. ಹೈಮಾವತಿಗೆ ಪ್ರಸಾದ ಕೊಟ್ಟೆ. “ಬಾಗುಂದಿ ಸಾರ್” ಎಂದಳು. ಇವತ್ತು ಕೇಳಿ ಹಿತವಾಯಿತು.

ನವೆಂಬರ್ ೨೨, ಶನಿವಾರ, ಭೀಮುನಿಪಟ್ಟಣ

ನಾಲ್ಕನೇ ಶನಿವಾರ. ನಾಮಕರಣಕ್ಕೆ ಬರುವುದಿಲ್ಲ ಎಂದಿದ್ದೆನೇ ಹೊರತು ಕೂಸನ್ನು ನೋಡಲು ಬರುವುದಿಲ್ಲ ಎಂದಿರಲಿಲ್ಲ. ಬೆಳಗಿನ ರತ್ನಾಚಲ್ ರೈಲು ಹಿಡಿದು ಬಂದೆ. ಆಸ್ಪತ್ರೆಯಲ್ಲಿ ಒಂದು ಹೊತ್ತಿಗೆ ಒಬ್ಬರನ್ನೇ ಒಳಗೆ ಬಿಡುತ್ತಾರೆ. ಜಾಹ್ನವಿ, ಅನಸೂಯಾ ಅಲ್ಲೇ ಇದ್ದಾರೆ. ನಾಳೆ ಬೆಳಗ್ಗೆ ನನ್ನ ಸರದಿ ಎಂದು ಸಾಯಿಕಿರಣ್ ನನ್ನನ್ನು ಇಲ್ಲಿಗೆ ಕರೆತಂದು ಬಿಟ್ಟು ಮತ್ತೆ ಹೋದ.

ಬೀಗಿತ್ತಿ ಸೂರ್ಯಕಾಂತಮ್ಮ ಜಗುಲಿಯಲ್ಲಿ ಕುಳಿತು ಗೋಂಗೂರ ಸೊಪ್ಪು ಬಿಡಿಸುತ್ತಿದ್ದರು. ಸುಮ್ಮನೆ ಕೂರಲಾರದೆ ನಾನೂ ಒಂದು ಕಟ್ಟು ತೆಗೆದುಕೊಂಡೆ. ಕಡಲಿನ ಗಾಳಿಗೆ ಎಲೆಗಳು ಹಾರುತ್ತಿದ್ದವು. ಅರ್ಧ ಬುಟ್ಟಿ ತುಂಬಿತು. ಆಮೇಲೆ ಅವರೇ, ನಿಮ್ಮ ಇಂಗ್ಲಿಷ್ ಕಾಗದವನ್ನು ಸಾಯಿ ಓದಿ ಹೇಳಿದ, ನನಗೂ ಆ ಹೆಸರು ನಾಲಿಗೆಗೆ ತಿರುಗುವುದಿಲ್ಲ ಅನ್ನಯ್ಯಗಾರೂ, ಆದರೆ ಆ ಹುಡುಗಿ ಮಾಡಿದ ಉಪಕಾರಕ್ಕೆ ಬೇರೇನು ಕೊಡಲಾದೀತು ಎಂದರು.

ಯಾವ ಹುಡುಗಿ ಎಂದೆ.

ಅವರ ಕೈ ನಿಂತಿತು. “ಮೀಕು ತೆಲೀದಾ?” ಎಂದರು. ನಿಮಗೆ ಗೊತ್ತಿಲ್ಲವೇ ಎಂದು ಇನ್ನೊಮ್ಮೆ ಕೇಳಿದರು. ಹೇಳಬಾರದಿತ್ತೇನೋ ಎಂದು ಒದ್ದಾಡಿದರು. ನಾನು ಬಿಡಲಿಲ್ಲ.

ಇದು ಜಾಹ್ನವಿಗೆ ಚೊಚ್ಚಲು ಅಲ್ಲ. ಅನ್ನಾಬಾದಲ್ಲಿದ್ದಾಗ, ಹೋದ ವರ್ಷ ಮಾರ್ಚಿನಲ್ಲಿ, ಐದು ತಿಂಗಳ ಬಸಿರು ಹೋಯಿತು. ಮೂರು ತಿಂಗಳು ಕಳೆಯಲಿ, ಆರು ಕಳೆಯಲಿ, ಊರಿಗೆ ಬಂದಾಗಲೇ ಹೇಳಿ ಬೆರಗುಮಾಡೋಣ ಎಂದು ನಮಗೆ ತಿಳಿಸಿರಲಿಲ್ಲವಂತೆ. ಸಾಯಿಕಿರಣ್ ಕಾರ್ಖಾನೆಯಲ್ಲಿದ್ದ ಹೊತ್ತು. ಕೆಳಗಿನ ಮನೆಯ ಶಾಲೆ ಟೀಚರು ಸದ್ದು ಕೇಳಿ ಮೇಲೆ ಬಂದು, ಎತ್ತಿ ಕಾರಿಗೆ ಹಾಕಿಕೊಂಡು ಹೋದಳು. ಆಮೇಲೆ ಮೂರು ವಾರ ತನ್ನ ಮನೆಯಲ್ಲೇ ಇಟ್ಟುಕೊಂಡು ತಲೆಗೆ ನೀರು ಹಾಕಿದಳು, ಗಂಜಿಯಂಥದ್ದೇನೋ ಮಾಡಿ ಬಾಯಿಗಿಟ್ಟಳು. ಅವಳ ಹೆಸರು ನುಮಿಡಿಯಾ.

ಅನಸೂಯಾಳಿಗೂ ಹೋದ ತಿಂಗಳು ಇಲ್ಲಿಗೆ ಬಂದ ಮೇಲಷ್ಟೇ ತಿಳಿಯಿತಂತೆ. ಆದ ಕೂಡಲೇ ಹೆತ್ತವರಿಗೆ ಹೇಳೋಣವೆಂದು ಸೂರ್ಯಕಾಂತಮ್ಮ ಫೋನಿನಲ್ಲಿ ಅಂದಾಗ ಜಾಹ್ನವಿ ಆಣೆ ಹಾಕಿಸಿದಳಂತೆ. “ಮಾರ್ಚಿ ಕದಾ ಅತ್ತಯ್ಯಾ, ನಾನ್ನಕಿ ಊಪಿರಾಡದು” ಎಂದಳಂತೆ. ಮಾರ್ಚ್ ಅಲ್ಲವೇ, ಅಪ್ಪನಿಗೆ ಉಸಿರಾಡಲೂ ಪುರಸೊತ್ತಿಲ್ಲ.

ಮಾರ್ಚ್ ಎಂಡಿಂಗ್. ಹುಟ್ಟಿದಾಗಿನಿಂದ ಅವಳು ಕೇಳಿದ ಮಾತು. ಯಾರೂ ಮಾರ್ಚಿನಲ್ಲಿ ಅಪ್ಪನನ್ನು ಗೋಳು ಹೊಯ್ದುಕೊಳ್ಳಬಾರದು ಎಂಬುದು ನಮ್ಮ ಮನೆಯ ಕಾನೂನು.

ಎದ್ದು ಸಮುದ್ರದ ಕಡೆ ಹೋದೆ. ನನ್ನ ಮಗು ಅಲ್ಲಿ ಮಲಗಿ ಅತ್ತಿತ್ತು. ನಾನು ಇಲ್ಲಿ ಬ್ಯಾಲೆನ್ಸ್ ಷೀಟು ಹೊಂದಿಸುತ್ತಿದ್ದೆ. ಯಾರೋ ಗೊತ್ತಿಲ್ಲದ ಹೆಣ್ಣುಮಗಳು ಅವಳ ತಲೆ ನೇವರಿಸುತ್ತಿದ್ದಳು. ಸಂಕಟ ತಡೆಯಲಾಗಲಿಲ್ಲ. ಬಲೆ ಒಣಗಿಸುತ್ತಿದ್ದವನೊಬ್ಬ ನೀರು ಬೇಕೇ ಎಂದು ಕೇಳಿದ. ಬೇಡವೆಂದೆ.

ನವೆಂಬರ್ ೨೩, ಭಾನುವಾರ

ಕೂಸು ಹುಷಾರಾಗುತ್ತಿದೆ. ಕೈಗೆ ಸುತ್ತಿದ ಪಟ್ಟಿಯ ಮೇಲೆ ‘ಬೇಬಿ ಆಫ್ ಜಾಹ್ನವಿ’ ಎಂದು ಬರೆದಿದ್ದಾರೆ. ಗಾಜಿನ ಆಚೆ ಮಲಗಿರುವವೆಲ್ಲ ಬೇಬಿ ಆಫ್ ಯಾರೋ. ನರ್ಸು ಕರೆದರೆ ಯಾವುದು ತಿರುಗೀತು?

ಹೊರಗೆ ಬೆಂಚಿನ ಮೇಲೆ ಜಾಹ್ನವಿಯ ಪಕ್ಕ ಕುಳಿತೆ. “ಆಕಿ ಹೆಂಗಿದ್ದಾಳ?” ಎಂದೆ.

“ಯಾವಾಕಿ?”

“ಅನ್ನಾಬಾದ ಟೀಚರು.”

ಅವಳು ನನ್ನ ಮುಖ ನೋಡಿದಳು. ಅತ್ತೆಯ ಮೇಲೆ ಸಿಟ್ಟಾಗುತ್ತಾಳೆಂದುಕೊಂಡೆ. ಆಗಲಿಲ್ಲ. “ಆರಾಮ ಅದಾಳಪ್ಪಾ. ಕೂಸಿಗೆ ಜ್ವರ ಅಂದಾಗಿಂದ ದಿನಾ ಮೆಸೇಜ್ ಮಾಡ್ತಾಳ” ಎಂದು ಮೊಬೈಲಿನಲ್ಲಿ ಫೋಟೊ ತೋರಿಸಿದಳು. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಕೈ ಸೊಂಟದ ಮೇಲೆ. ಒಂದು ಕೋನದಿಂದ ನಮ್ಮ ಗದಗಿನ ಶಾಲೆಯ ಗಣಿತ ಕಲಿಸುತ್ತಿದ್ದ ಬಾಯಿಯವರ ಹಾಗೆ ಕಂಡಳು.

“ಆಕಿಗೆ ಕನ್ನಡ ಇಲ್ಲ, ಇಂಗ್ಲಿಷ್ ಇಲ್ಲ. ನನಗ ಫ್ರೆಂಚ್ ಅರ್ಧಂಬರ್ಧ. ಮೂರು ವಾರ ಏನ್ ಮಾತಾಡಿದ್ವೋ ದೇವ್ರಿಗೇ ಗೊತ್ತು. ಒಮ್ಮೆ ಆಕಿ ಹೆಸರಿನ ಅರ್ಥ ಕೇಳಿದೆ. ಆಗ ಅವರಪ್ಪನ ಕಥಿ ಹೇಳಿದ್ಲು. ಆ ಕಾಲಕ್ಕ ಇಂಥಾ ಹಳೇ ಹೆಸರು ಕಚೇರಿಯೊಳಗ ಬರ್ಕೊಳ್ತಿರಲಿಲ್ಲಂತ. ಬ್ಯಾರೆ ಇಡ್ರಿ ಅಂತ ಹೊಳ್ಳಿ ಕಳಸ್ತಿದ್ರಂತ. ಅವರಪ್ಪ ರೈಲ್ವೆ ಕೂಲಿ. ಮತ್ತ ಮತ್ತ ಹೋಗಿ, ಜಗಳ ಮಾಡಿ, ಕಡೀಗೆ ಕಚೇರಿ ಮೆಟ್ಲಾಗs ಕೂತುಬಿಟ್ನಂತ. ಬರ್ಕೊಂಡ ಮ್ಯಾಲೇ ಎದ್ದನಂತ. ಅದs ಅಪ್ಪಾ, ನನಗ ಮನಸ್ಸಿನ್ಯಾಗ ಉಳೀತು.”

ಮಗಳ ಹೆಸರಿಗಾಗಿ ಜಗಳವಾಡಿದ ಒಬ್ಬ ಅಪ್ಪ ಅಲ್ಲಿ. ಇಲ್ಲಿ ಆಫೀಸ್ ನೋಟ್ ಬರೆದ ನಾನು. ಜಾಹ್ನವಿ ಅದನ್ನು ಚುಚ್ಚಲು ಹೇಳಲಿಲ್ಲ, ನನಗೇ ಚುಚ್ಚಿತು.

“ನನಗ ಹೇಳಬೇಕಿತ್ತವಾ” ಎಂದೆ. “ಮಾರ್ಚ್ ಇದ್ರೇನಾತು?”

“ಹೇಳಿದ್ರ ನೀವು ಬರ್ತಿದ್ರೇನು?”

ಬರುತ್ತಿದ್ದೆ ಎಂದು ಒಮ್ಮೆಲೇ ಬಾಯಿಗೆ ಬರಲಿಲ್ಲ. ಪಾಸ್‌ಪೋರ್ಟು, ವೀಸಾ, ರಜೆ ಎಂದು ತಲೆ ಲೆಕ್ಕ ಹಾಕತೊಡಗಿತು. ಅವಳು ಕಾಯಲಿಲ್ಲ. ಕೂಸಿಗೆ ಹಾಲೂಡಿಸುವ ಹೊತ್ತಾಯಿತೆಂದು ಎದ್ದಳು. ಬಾಗಿಲ ಹತ್ತಿರ ನಿಂತು, “ಶುಕ್ರವಾರ ಬರೋದು ಬಿಡೋದು ನಿಮಗ ಬಿಟ್ಟದ್ದು. ನಾ ಬರ್‍ರಿ ಅನ್ನಂಗಿಲ್ಲ, ಬರಬ್ಯಾಡ್ರಿ ಅಂತೂ ಅನ್ನಂಗಿಲ್ಲ” ಎಂದು ಒಳಗೆ ಹೋದಳು.

ನವೆಂಬರ್ ೨೫, ಮಂಗಳವಾರ, ವಿಜಯವಾಡ

ಕೂಸು ಮನೆಗೆ ಬಂದಿದೆ.

೨೮ಕ್ಕೆ ಶಾಖೆಗೆ ಇನ್‌ಸ್ಪೆಕ್ಷನ್. ಇವತ್ತು ಮೇಲ್ ಬಂತು. ಮ್ಯಾನೇಜರ್ ಇರಲೇಬೇಕು ಎಂದಿದೆ. ರೀಜನಲ್ ಆಫೀಸಿಗೆ ಫೋನ್ ಮಾಡಿ, ಆ ದಿನ ನಾನಿರುವುದಿಲ್ಲ ಎಂದೆ. ಏನು ಕಾರಣ ಎಂದರು. ಮೊಮ್ಮಗಳ ಬಾರಸಾಲ ಎಂದೆ. ಒಂದು ದಿನ ಮುಂದೆ ಹಾಕಿಕೊಳ್ಳಲಾಗದೇ ಎಂದರು. ಇಲ್ಲ, ಇನ್‌ಸ್ಪೆಕ್ಷನ್ನನ್ನೇ ಮುಂದೆ ಹಾಕಿಕೊಳ್ಳಿ ಎಂದೆ. ಆ ಕಡೆ ಯಾರಿಗೋ ಕೆಮ್ಮು ಬಂತು.

ಅವರು ಬಂದೇ ಬಂದರೆ ಹೈಮಾವತಿ ಎಲ್ಲ ಫೈಲು ಸಿದ್ಧಮಾಡಿ ನೋಡಿಕೊಳ್ಳುತ್ತಾಳೆ. ಬಂದರ್ ರಸ್ತೆಯಲ್ಲಿ ಕೂಸಿಗೆ ಹತ್ತಿಯ ಎರಡು ಲಂಗ ತೆಗೆದುಕೊಂಡೆ, ಒಂದು ಹಳದಿ, ಒಂದು ಗಿಣಿಹಸಿರು. ವರ್ಷ ತುಂಬಿದ ಮೇಲೆ ಹೊಂದುವ ಅಳತೆಯಂತೆ. ಇರಲಿ.

ನವೆಂಬರ್ ೨೮, ಶುಕ್ರವಾರ, ಭೀಮುನಿಪಟ್ಟಣ

ಎಲ್ಲರೂ ಮಲಗಿ ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ. ಜಗುಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ನಾನು ಚೀಲ ಹಿಡಿದು ಮನೆಯೊಳಗೆ ಕಾಲಿಟ್ಟಾಗ ಜಾಹ್ನವಿ ಚಹಾ ತಂದಿಟ್ಟಳು. ಸಕ್ಕರೆ ಹಾಕಿರಲಿಲ್ಲ. ಕೇಳಿ ಹಾಕಿಸಿಕೊಳ್ಳುವ ಧೈರ್ಯ ನನಗೂ ಬರಲಿಲ್ಲ.

ಇವತ್ತು ಎರಡೂ ಕಡೆಯ ಪದ್ಧತಿ ನಡೆಯಬೇಕೆಂದು ಅನಸೂಯಾಳ ಹಟ. ಮೊದಲು ಅವರದು. ಸಾಯಿಕಿರಣ್ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಹೆಸರು ಬರೆದ. ಆಮೇಲೆ ನಮ್ಮದು. ನಮ್ಮ ಕಡೆ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಹೇಳಬೇಕು, ಆಗ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ, ಗುದ್ದುವುದಂತೂ ಬಿಡುವುದಿಲ್ಲ. ಸಾಯಿಕಿರಣನ ಅಕ್ಕ ಮಾಧವೀಲತಾ ಹೈದರಾಬಾದಿನಿಂದ ಬರಬೇಕಿತ್ತು. ಆದರೆ ಅವಳ ಗಂಡನ ದಾಯಾದಿಗಳಲ್ಲಿ ಸಾವಾಗಿ ಮೈಲಿಗೆಯಂತೆ, ಬರಲಿಲ್ಲ.

ಸೋದರತ್ತೆಯ ಜಾಗದಲ್ಲಿ ಯಾರು ಎಂದು ಹೆಂಗಸರು ಗುಸುಗುಸು ಶುರುಮಾಡಿದರು. ಅನಸೂಯಾ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ತೊಟ್ಟಿಲ ಪಕ್ಕ ಕುಳಿತಿದ್ದ ಜಾಹ್ನವಿ ತಲೆ ಎತ್ತದೆ ಹೇಳಿದಳು.

“ಅಪ್ಪ ಹೇಳ್ಲಿ.”

ನನ್ನ ನೋಟ್ ಓದಿದವರೆಲ್ಲ ಅಲ್ಲೇ ಇದ್ದರು. ಗಂಡಸರು ಹೇಳುವ ಪದ್ಧತಿಯಿಲ್ಲ ಎಂದು ಅನಸೂಯಾ ಬಾಯಿ ತೆರೆದಳು, ಮಗಳ ಮುಖ ನೋಡಿ ಮುಚ್ಚಿದಳು. ನಾನು ಎದ್ದೆ. ಮಂಡಿ ಊರಿ ತೊಟ್ಟಿಲಿಗೆ ಬಗ್ಗಿದೆ. ಹಾಲಿನ ವಾಸನೆ. ಆಸ್ಪತ್ರೆಯ ಸೂಜಿಯ ಗುರುತು ಅಂಗೈ ಹಿಂದೆ ಇನ್ನೂ ಇತ್ತು. ಕಿವಿ ಎಷ್ಟು ಸಣ್ಣದು, ಇಷ್ಟು ದೊಡ್ಡ ಹೆಸರು ಅದರೊಳಗೆ ಹೋಗುವುದು ಹೇಗೆ ಎನ್ನಿಸಿತು.

“ಕುರ್‍ರ್. ನುಮಿಡಿಯಾ” ಎಂದೆ. ಕೂಸು ಕಣ್ಣು ಮುಚ್ಚಿಕೊಂಡೇ ತುಟಿ ಸೊಟ್ಟ ಮಾಡಿತು. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಹೇಳುವಾಗ ನಾನೇ ಕೇಳಿಸಿಕೊಳ್ಳಲಾಗದಷ್ಟು ಮೆಲ್ಲಗೆ ಬಂತು.

ಅಷ್ಟರಲ್ಲಿ ಬೆನ್ನಿಗೆ ಬಿತ್ತು ನೋಡಿ. ಮೊದಲು ಅನಸೂಯಾ, ಮೂವತ್ತೆರಡು ವರ್ಷದ ಬಾಕಿಯನ್ನೆಲ್ಲ ಸೇರಿಸಿ. ಆಮೇಲೆ ಬೀಗರ ಎದುರು ಮನೆಯ ರಾಜ್ಯಲಕ್ಷ್ಮಿ, ಏನೆಂದು ತಿಳಿಯದಿದ್ದರೂ ಉತ್ಸಾಹದಿಂದ. ಸೂರ್ಯಕಾಂತಮ್ಮ ಗಾಬರಿಯಾಗಿ ಓಡಿ ಬಂದು, “ಅಯ್ಯೋ, ಅನ್ನಯ್ಯಗಾರಿನಿ ಕೊಡತಾರೇಂಟಿ!” ಎಂದು ಕೈ ಅಡ್ಡ ಹಿಡಿದರು. ಬೀಗರನ್ನು ಮನೆಗೆ ಕರೆದು ಹೊಡೆಯುವುದೇ ಎಂದು ಪಾಪ ಅವರಿಗೆ ಅಳುವೇ ಬಂದಿತ್ತು. ಎಲ್ಲರೂ ನಕ್ಕರು.

ಆಮೇಲೆ ಇನ್ನೊಂದು ಗುದ್ದು ಬಿತ್ತು. ಎಲ್ಲಕ್ಕಿಂತ ಜೋರಾಗಿ. ಯಾರದೆಂದು ತಿರುಗಿ ನೋಡಬೇಕಾಗಲಿಲ್ಲ. ಎರಡನೆಯದು ಅಷ್ಟು ಜೋರಿರಲಿಲ್ಲ. ಮೂರನೆಯದು ಬೀಳಲಿಲ್ಲ. ಆ ಕೈ ನನ್ನ ಬೆನ್ನ ಮೇಲೆಯೇ ಉಳಿಯಿತು, ಆಮೇಲೆ ಹಣೆ ಬಂದು ಅಲ್ಲಿ ಒರಗಿತು. ಅಂಗಿ ಒದ್ದೆಯಾಗುತ್ತಿರುವುದು ತಿಳಿಯಿತು. ಜಾಹ್ನವಿ ಚಿಕ್ಕಂದಿನಲ್ಲಿ ಅಳುತ್ತಿದ್ದಂತೆಯೇ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ನಾನು ತೊಟ್ಟಿಲ ಅಂಚು ಹಿಡಿದು ಹಾಗೆಯೇ ಬಗ್ಗಿಕೊಂಡಿದ್ದೆ. ಮೊಣಕಾಲು ನೋಯುತ್ತಿತ್ತು.

“ಸುಮ್ನಿರವಾ” ಎಂದೆ. “ನುಮಿಡಿಯಾ ಎದ್ದಾಳು.”